ಚಪ್ಪೆ ಮುರಿದ ಹಿರಿಯರು ಮತ್ತೆ ಆಸ್ಪತ್ರೆ ಸೇರುವುದೇಕೆ?

ನಸುಕಿನ ಐದು ಗಂಟೆ. ಎಪ್ಪತ್ತೈದು ದಾಟಿದ ಆಯಿ ಎಂದಿನಂತೆ ಎದ್ದು ಹಿತ್ತಲ ಬಚ್ಚಲಿಗೆ ಹೊರಟಿದ್ದಾರೆ. ಕರೆಂಟು ಹೋಗಿದೆ. ಫರ್ಸಿ ಕಲ್ಲಿನ ಮೇಲೆ ರಾತ್ರಿ ಚೆಲ್ಲಿದ ನೀರು ಹಾಗೆಯೇ ಇದೆ. ಕಾಲು ಜಾರುತ್ತದೆ. ಮಾಳಿಗೆಯಿಂದ ಬಿದ್ದದ್ದಲ್ಲ, ಎತ್ತು ತಿವಿದದ್ದಲ್ಲ, ನಿಂತ ಎತ್ತರದಿಂದ ಬಿದ್ದದ್ದು. ಆದರೂ ಏಳಲು ಆಗುವುದಿಲ್ಲ. ಒಂದು ಕಾಲು ಗಿಡ್ಡಾದಂತೆ ಕಾಣುತ್ತದೆ, ಪಾದ ಹೊರಮಗ್ಗುಲಿಗೆ ತಿರುಗಿಕೊಂಡಿದೆ. 'ಆಯಿಯ ಟೊಂಕ ಮುರೀತು' ಎಂದು ಓಣಿಯೆಲ್ಲ ಸುದ್ದಿಯಾಗುತ್ತದೆ. ಬೆಳಗಾವಿಗೋ ಧಾರವಾಡಕ್ಕೋ ಒಯ್ದು ಶಸ್ತ್ರಕ್ರಿಯೆ ಮಾಡಿಸುತ್ತೀರಿ. ವಾರ, ಹತ್ತು ದಿನದಲ್ಲಿ ಮನೆಗೆ ಕರೆತರುತ್ತೀರಿ. ಆಪರೇಶನ್ ಚಲೋ ಆಯಿತೆಂದು ಬಂದವರಿಗೆಲ್ಲ ಹೇಳಿ ಚಹಾ ಕೊಡುತ್ತೀರಿ. ಹದಿನೈದು ದಿನ ಕಳೆಯುವಷ್ಟರಲ್ಲಿ ಅದೇ ಗಾಡಿ ಮತ್ತೆ ಬಾಗಿಲಿಗೆ ಬಂದು ನಿಲ್ಲುತ್ತದೆ.

ಈ ಎರಡನೆಯ ಪ್ರಯಾಣದ ಬಗ್ಗೆಯೇ ಈ ವಾರದ ಮಾತು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಕುಟುಂಬಗಳಿಗೆ ಇದು ಸಣ್ಣ ವಿಷಯವಲ್ಲ. ಕಿತ್ತೂರಿನವರಿಗೆ ಹೆದ್ದಾರಿ ಮಗ್ಗುಲಲ್ಲೇ ಇದೆ. ಆದರೆ ರಾಮದುರ್ಗದಿಂದ ಬೆಳಗಾವಿಗೆ ನೂರು ಕಿ.ಮೀ. ಆಸುಪಾಸಿನ ಹಾದಿ. ಮುರಿದ ಕಾಲಿನವರನ್ನು ಎರಡು ಸಲ ಆ ಹಾದಿಯಲ್ಲಿ ಒಯ್ಯುವುದು ಎಷ್ಟು ಕಷ್ಟ ಎಂಬುದನ್ನು ಒಯ್ದವರೇ ಬಲ್ಲರು.

ಜನ ಟೊಂಕ ಎಂದರೂ ಸಾಮಾನ್ಯವಾಗಿ ಮುರಿಯುವುದು ಟೊಂಕವಲ್ಲ. ತೊಡೆಯೆಲುಬಿನ ಮೇಲ್ತುದಿ ಚಪ್ಪೆಯ ಕೀಲಿನೊಳಗೆ ಚೆಂಡಿನಂತೆ ಕೂತಿರುತ್ತದೆ. ಆ ಚೆಂಡಿನ ಕೆಳಗೆ ಕೊರಳಿನಂಥ ಭಾಗವೊಂದಿದೆ. ವಯಸ್ಸಾದವರಲ್ಲಿ ಆ ಕೊರಳು, ಇಲ್ಲವೆ ಅದರ ಬುಡ, ಪಟ್ಟನೆ ಮುರಿಯುತ್ತದೆ. ಕೊರಳೇ ಮುರಿದು ಸರಿದಾಗ ಚೆಂಡಿಗೆ ಹೋಗುವ ರಕ್ತ ನಿಂತುಹೋಗಬಹುದು. ಆದ್ದರಿಂದ ಅನೇಕರಿಗೆ ಚೆಂಡನ್ನೇ ತೆಗೆದು ಲೋಹದ ಚೆಂಡು ಕೂಡಿಸುತ್ತಾರೆ. ಬುಡದಲ್ಲಿ ಮುರಿದಿದ್ದರೆ ಸರಳು, ಸ್ಕ್ರೂ ಹಾಕಿ ಜೋಡಿಸುತ್ತಾರೆ. ಎಲುಬು ಕಟ್ಟುವವರಲ್ಲಿ ಪಟ್ಟಿ ಕಟ್ಟಿಸಿ ಆರು ವಾರ ಮಲಗಿಸಿದರೆ ಕೂಡುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇನ್ನೂ ಇದೆ. ಕೈಯ ಎಲುಬಿನ ಮಾತು ಬೇರೆ, ಇದರ ಮಾತು ಬೇರೆ. ಇಲ್ಲಿ ಆರು ವಾರದ ಹಾಸಿಗೆಯೇ ಪ್ರಾಣ ತೆಗೆಯುತ್ತದೆ.

ಭಾರತವೂ ಸೇರಿ 17 ದೇಶಗಳ 2,970 ರೋಗಿಗಳ ಮೇಲೆ ನಡೆದ ಒಂದು ದೊಡ್ಡ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಪತ್ತೆಯಾದ ಸುಮಾರು ಆರು ತಾಸಿನಲ್ಲೇ ಶಸ್ತ್ರಕ್ರಿಯೆ ಆದವರನ್ನು, ಸುಮಾರು 24 ತಾಸಿಗೆ ಆದವರೊಂದಿಗೆ ಅದು ಹೋಲಿಸಿ ನೋಡಿತು. ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಬೇಗ ಆದವರಲ್ಲಿ ಬುದ್ಧಿ ಮಂಕಾಗುವುದು ಮತ್ತು ಮೂತ್ರದ ಸೋಂಕು ಕಡಿಮೆಯಾಗಿತ್ತು, ಅವರು ಬೇಗ ಎದ್ದು ನಿಂತರು. ಗಮನಿಸಿ, ಅಲ್ಲಿ ತಡ ಎಂದರೆ 24 ತಾಸು. ನಮ್ಮಲ್ಲಿ ತಡ ಎಂದರೆ ಎಷ್ಟೋ ಸಲ ಒಂದು ವಾರ.

ಮರಳಿ ಹೋಗುವುದು ಕಾಲಿಗಾಗಿ ಅಲ್ಲ

ಲೆಕ್ಕ ಇಟ್ಟಿರುವ ಪಾಶ್ಚಾತ್ಯ ದೇಶಗಳಲ್ಲಿ ಚಪ್ಪೆ ಮುರಿದು ಶಸ್ತ್ರಕ್ರಿಯೆಯಾಗಿ ಮನೆಗೆ ಹೋದ ಹಿರಿಯರ ಪೈಕಿ ನೂರಕ್ಕೆ ಸುಮಾರು ಹತ್ತು ಜನ ಒಂದೇ ತಿಂಗಳಲ್ಲಿ ಮತ್ತೆ ಆಸ್ಪತ್ರೆ ಸೇರುತ್ತಾರೆ. ವರ್ಷ ತುಂಬುವುದರೊಳಗೆ ನಾಲ್ಕೈದು ಜನರಲ್ಲಿ ಒಬ್ಬರು ತೀರಿಕೊಳ್ಳುತ್ತಾರೆ. ನೀವು ಹೆದರಲಿ ಎಂದು ಇದನ್ನು ಬರೆಯುತ್ತಿಲ್ಲ. ಹೀಗೆ ಮರಳಿ ಸೇರುವವರಲ್ಲಿ ಹೆಚ್ಚಿನವರು ಮುರಿದ ಎಲುಬಿಗಾಗಿಯಾಗಲಿ ಹಾಕಿದ ಸರಳಿಗಾಗಿಯಾಗಲಿ ಹೋಗುವುದಿಲ್ಲ. ಪುಪ್ಪುಸದ ಸೋಂಕು, ಮೂತ್ರದ ಸೋಂಕು, ನೀರು ಕಡಿಮೆಯಾಗಿ ಮೂತ್ರಪಿಂಡ ಸೋತದ್ದು, ಹೃದಯದ ದಣಿವು, ಕಾಲಿನ ರಕ್ತನಾಳದಲ್ಲಿ ಹೆಪ್ಪು, ಬೆನ್ನಿನ ಹುಣ್ಣು, ಮತ್ತೊಮ್ಮೆ ಬಿದ್ದದ್ದು, ಇವೇ ಕಾರಣಗಳು. ಇವುಗಳಲ್ಲಿ ಬಹಳಷ್ಟು ಮನೆಯಲ್ಲೇ ಮೊಳೆಯುತ್ತವೆ. ಆದ್ದರಿಂದ ಮನೆಯವರು ಕಣ್ಣಿಟ್ಟರೆ ಮೊಳಕೆಯಲ್ಲೇ ಹಿಡಿಯಬಹುದು.

ಮೊದಲನೆಯ ಅಪರಾಧಿ ಹಾಸಿಗೆ. ಮಾತಾಡಿಸಲು ಬಂದ ಬೀಗರು, ನೆರೆಯವರು ಎಲ್ಲರದೂ ಒಂದೇ ಸಲಹೆ: 'ಅಳ್ಳಾಡಿಸಬ್ಯಾಡ್ರಿ, ಎಲುಬು ಸರಿದೀತು.' ಅವರ ಪ್ರೀತಿ ದೊಡ್ಡದು, ಸಲಹೆ ಮಾತ್ರ ತಪ್ಪು. ಸರಳು ಹಾಕುವುದೂ ಚೆಂಡು ಬದಲಿಸುವುದೂ ಹಿರಿಯರು ಬೇಗ ಎದ್ದು ನಿಲ್ಲಲಿ ಎಂದೇ. ಬಹಳ ಮಂದಿಯನ್ನು ಶಸ್ತ್ರಕ್ರಿಯೆಯ ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸುತ್ತಾರೆ. ಆಸ್ಪತ್ರೆಯಲ್ಲಿ ಹತ್ತು ಹೆಜ್ಜೆ ಇಟ್ಟ ಅಜ್ಜ ಮನೆಗೆ ಬಂದು ಹೊರಸಿನ ಮೇಲೆ ಎರಡು ವಾರ ಮಲಗಿದರೆ ಆ ಹತ್ತು ಹೆಜ್ಜೆಯೂ ಹೋಗುತ್ತದೆ. ಮಲಗಿದವರ ಎದೆಯಲ್ಲಿ ಕಫ ಕಟ್ಟುತ್ತದೆ, ಕಾಲಿನ ರಕ್ತ ನಿಧಾನವಾಗಿ ಹರಿದು ಹೆಪ್ಪುಗಟ್ಟುತ್ತದೆ, ಸ್ನಾಯುಗಳು ದಿನದಿಂದ ದಿನಕ್ಕೆ ಸೊರಗುತ್ತವೆ. ಕಾಲಿನ ಮೇಲೆ ಪೂರ್ತಿ ಭಾರ ಹಾಕಬಹುದೇ, ಅರ್ಧವೇ ಎಂಬುದನ್ನು ಬಿಡುಗಡೆಯ ದಿನ ಡಾಕ್ಟರರಿಂದ ಬಾಯಿಬಿಟ್ಟು ಕೇಳಿಕೊಳ್ಳಿ. ಉತ್ತರವನ್ನು ಚೀಟಿಯ ಮೇಲೆ ಕನ್ನಡದಲ್ಲಿ ಬರೆದುಕೊಳ್ಳಿ. ಮನೆಯಲ್ಲಿ ದಿನಕ್ಕೆ ನಾಲ್ಕೈದು ಸಲ ಎಬ್ಬಿಸಿ, ಮೊದಲು ಪಡಸಾಲೆಯವರೆಗೆ, ಆಮೇಲೆ ಅಂಗಳದ ಕಟ್ಟೆಯವರೆಗೆ ನಡೆಸಿ. ನಡೆಯುವ ಅರ್ಧ ತಾಸು ಮೊದಲು ಡಾಕ್ಟರು ಬರೆದ ನೋವಿನ ಗುಳಿಗೆ ಕೊಟ್ಟರೆ ಹಿರಿಯರು ಒಲ್ಲೆ ಎನ್ನುವುದಿಲ್ಲ.

ಊಟ ಮಾಡಿಸುವಾಗ ಬೆನ್ನಿಗೆ ಆಸರೆ ಕೊಟ್ಟು ನೆಟ್ಟಗೆ ಕೂಡಿಸಿ. ಮಲಗಿಸಿ ನೀರು ಕುಡಿಸಿದರೆ, ಗಂಜಿ ಉಣಿಸಿದರೆ, ಅದರ ಒಂದು ಗುಟುಕು ಉಸಿರಿನ ಕೊಳವೆಗೆ ಇಳಿಯಬಹುದು. ಎರಡು ದಿನದಲ್ಲಿ ನ್ಯುಮೋನಿಯ ಕಾಣಿಸಿಕೊಳ್ಳುತ್ತದೆ. ಮೂರು ಚೆಂಡಿನ ಉಸಿರಾಟದ ಆಟಿಕೆಯನ್ನು ಆಸ್ಪತ್ರೆಯಲ್ಲಿ ಕೊಟ್ಟಿದ್ದರೆ ಅದನ್ನು ಮೊಮ್ಮಕ್ಕಳ ಕೈಗೆ ಬಿಡದೆ ಅಜ್ಜಿಯಿಂದಲೇ ತಾಸಿಗೊಮ್ಮೆ ಎಳೆಸಿರಿ.

ನೀರಿನ ಕಥೆ

ಇದು ನಾಚಿಕೆಯ ವಿಷಯವಾದ್ದರಿಂದ ಯಾರೂ ಬಾಯಿ ಬಿಡುವುದಿಲ್ಲ. ಕಾಲು ಮುರಿದ ಆಯಿ ನೀರನ್ನೇ ಕುಡಿಯುವುದಿಲ್ಲ. ಕುಡಿದರೆ ಮೂತ್ರಕ್ಕೆ ಏಳಬೇಕು. ಏಳಲು ಸೊಸೆಯನ್ನು ಕರೆಯಬೇಕು. ಸೊಸೆ ಈಗ ತಾನೆ ರೊಟ್ಟಿ ಬಡಿಯಲು ಕೂತಿದ್ದಾಳೆ. ಪಾಪ, ಅವಳಿಗೇಕೆ ತ್ರಾಸು ಎಂದು ಆಯಿ ಬೆಳಿಗ್ಗೆ ಅರ್ಧ ಕಪ್ಪು ಚಹಾ, ಮಧ್ಯಾಹ್ನ ಒಂದು ಲೋಟ ನೀರು ಕುಡಿದು ದಿನ ದೂಡುತ್ತಾರೆ. ನಾಲ್ಕನೆಯ ದಿನಕ್ಕೆ ಮೂತ್ರ ಗಾಢ ಹಳದಿ, ಉರಿ, ಮಂಪರು. ಬೇಸಿಗೆಯಲ್ಲಂತೂ ಇದು ಇನ್ನೂ ಬೇಗ.

ಹೃದಯ ಅಥವಾ ಮೂತ್ರಪಿಂಡದ ತೊಂದರೆಗಾಗಿ ಡಾಕ್ಟರರು ನೀರಿಗೆ ಮಿತಿ ಹಾಕಿರದಿದ್ದರೆ ದಿನಕ್ಕೆ ಒಂದೂವರೆ ಲೀಟರಿನಷ್ಟಾದರೂ ನೀರು, ಮಜ್ಜಿಗೆ, ಸಾರು ಹೊಟ್ಟೆಗೆ ಹೋಗಬೇಕು. ಸಂಜೆ ಆರರೊಳಗೆ ಹೆಚ್ಚಿನ ಪಾಲು ಮುಗಿಸಿದರೆ ರಾತ್ರಿ ಏಳುವ ಕಷ್ಟ ಕಡಿಮೆ. ಹೊರಸಿನ ಮಗ್ಗುಲಿಗೇ ಒಂದು ಕಮೋಡ್ ಕುರ್ಚಿ ಇಡಿ. ನಡುವೆ ತೂತಿರುವ ಈ ಕುರ್ಚಿ ಔಷಧಿ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ. ಊರ ಬಡಿಗೇರರು ಹಳೆಯ ಕುರ್ಚಿಯನ್ನೇ ಹಾಗೆ ಮಾಡಿಕೊಟ್ಟಾರು. ಲೋಹದ ಚೆಂಡು ಕೂಡಿಸಿದವರು ನೆಲದ ಮೇಲೆ ಕೂಡುವುದು, ಚಕ್ಕಳಮಕ್ಕಳ ಹಾಕುವುದು, ಕುಕ್ಕರಗಾಲಲ್ಲಿ ಪಾಯಖಾನೆಗೆ ಕೂಡುವುದು ಮಾಡಿದರೆ ಚೆಂಡು ಕೀಲಿನಿಂದ ಜಾರಬಹುದು. ಡಾಕ್ಟರು ಹೇಳುವವರೆಗೆ ಇವು ಬೇಡ. ಮೊಳಕಾಲಿನ ಎತ್ತರದ ಹೊರಸು, ಕೈಯಿರುವ ಗಟ್ಟಿ ಕುರ್ಚಿ ಬೇಕು. ಪಂಕ್ತಿಯಲ್ಲಿ ಕೂತು ಉಣ್ಣುವುದೇ ರೂಢಿಯಾಗಿರುವ ಮನೆಯಲ್ಲಿ ಹಿರಿಯರಿಗೆ ಕುರ್ಚಿ ಹಾಕಿ ಉಳಿದವರು ಕೆಳಗೆ ಕೂಡುವುದು ಮುಜುಗರ ಎನಿಸಬಹುದು. ಎಂಟು ದಿನದಲ್ಲಿ ರೂಢಿಯಾಗುತ್ತದೆ.

ಮೂತ್ರದ ಕೊಳವೆಯೊಂದಿಗೆ ಮನೆಗೆ ಕಳಿಸಿದ್ದರೆ ಅದನ್ನು ಯಾವ ದಿನ ತೆಗೆಯಬೇಕೆಂದು ಕೇಳಿ ಬರೆದಿಟ್ಟುಕೊಳ್ಳಿ. ಚೀಲ ತುಂಬುವವರೆಗೂ ಬದಲಿಸಬೇಕಿಲ್ಲವಲ್ಲ ಎಂದು ಅನುಕೂಲಕ್ಕಾಗಿ ವಾರಗಟ್ಟಲೆ ಬಿಟ್ಟರೆ ಸೋಂಕು ಖಂಡಿತ.

ಬುದ್ಧಿ ಮಂಕಾದಾಗ

ಸಂಜೆಯಾಗುತ್ತಿದ್ದಂತೆ ಅಜ್ಜ ತೀರಿಹೋದ ತಮ್ಮನನ್ನು ಕರೆಯತೊಡಗುತ್ತಾರೆ. ಗೋಡೆಯ ಮೇಲೆ ಇರುವೆ ಹರಿಯುತ್ತಿವೆ ಎನ್ನುತ್ತಾರೆ. ಮಗನನ್ನೇ ಗುರುತಿಸುವುದಿಲ್ಲ. ಇಲ್ಲವೆ ಇದಕ್ಕೆ ತದ್ವಿರುದ್ಧವಾಗಿ, ಮಾತಿಲ್ಲದೆ ಇಡೀ ದಿನ ತೂಕಡಿಸುತ್ತಾರೆ. ಮೊದಲನೆಯದನ್ನು ಗಾಳಿ ಸೋಂಕು ಎಂದು ತಾಯಿತ ಕಟ್ಟಿಸುವುದುಂಟು. ಎರಡನೆಯದನ್ನು 'ಪಾಪ, ದಣಿದಾರ, ಮಲಗಲಿ' ಎಂದು ಬಿಡುವುದುಂಟು. ಎರಡೂ ರೋಗದ ಲಕ್ಷಣ. ನಿನ್ನೆ ಸರಿಯಿದ್ದವರ ಬುದ್ಧಿ ಇಂದು ಏಕಾಏಕಿ ಕದಡಿತೆಂದರೆ ಒಳಗೆ ಏನೋ ಆಗಿದೆ ಎಂದರ್ಥ: ಮೂತ್ರದ ಅಥವಾ ಎದೆಯ ಸೋಂಕು, ರಕ್ತದಲ್ಲಿ ಸೋಡಿಯಂ ಎಂಬ ಲವಣ ಇಳಿದದ್ದು, ಸಕ್ಕರೆ ಏರುಪೇರು, ಮೂತ್ರ ಕಟ್ಟಿದ್ದು, ಮಲಬದ್ಧತೆ, ನಿದ್ದೆಯ ಗುಳಿಗೆ. ವಯಸ್ಸಾದವರಿಗೆ ಸೋಂಕಾದರೂ ಎಷ್ಟೋ ಸಲ ಜ್ವರ ಬರುವುದಿಲ್ಲ. ಬುದ್ಧಿ ಕದಡುವುದೇ ಅವರ ಜ್ವರ ಎಂದು ತಿಳಿಯಿರಿ. ದೇವರಿಗೆ ಹರಕೆ ಹೊರುವುದಕ್ಕೆ ನನ್ನ ಅಡ್ಡಿಯಿಲ್ಲ. ಅದೇ ದಿನ ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತ, ಮೂತ್ರ ಪರೀಕ್ಷೆಯೂ ಆಗಲಿ. ಮನೆಯಲ್ಲಿ ಕನ್ನಡಕ, ಕಿವಿಯ ಯಂತ್ರ ಕೈಗೆ ಸಿಗುವಂತಿರಲಿ. ರಾತ್ರಿ ಸಣ್ಣ ದೀಪ ಉರಿಯಲಿ, ಪರಿಚಿತ ದನಿಯವರು ಹತ್ತಿರ ಇರಲಿ.

ಗುಳಿಗೆಗಳ ಚೀಲ

ಆಸ್ಪತ್ರೆಯಿಂದ ಬರುವಾಗ ಒಂದು ಚೀಲ ಹೊಸ ಗುಳಿಗೆ. ಮನೆಯ ಗೂಡಿನಲ್ಲಿ ಒಂದು ಡಬ್ಬಿ ಹಳೆಯ ಗುಳಿಗೆ. ಎರಡನ್ನೂ ಕೂಡಿಸಿ ಕೊಡುವುದರಿಂದ ರಕ್ತದೊತ್ತಡಕ್ಕೆ ಒಂದೇ ಔಷಧ ಎರಡು ಹೆಸರಿನಲ್ಲಿ ಹೊಟ್ಟೆಗೆ ಹೋಗುತ್ತದೆ. ಎದ್ದು ನಿಂತೊಡನೆ ಕಣ್ಣು ಕತ್ತಲೆ ಬಂದು ಮತ್ತೆ ಬೀಳುತ್ತಾರೆ. ಬಿಡುಗಡೆಯ ದಿನವೇ ಹಳೆಯ ಡಬ್ಬಿಯನ್ನು ಆಸ್ಪತ್ರೆಗೆ ಒಯ್ದು ಯಾವುದನ್ನು ಮುಂದುವರಿಸಬೇಕು, ಯಾವುದನ್ನು ನಿಲ್ಲಿಸಬೇಕು ಎಂದು ಒಂದೊಂದಾಗಿ ಕೇಳಿ. ಬಿಡುಗಡೆ ಪತ್ರ ಇಂಗ್ಲಿಷಿನಲ್ಲಿರುತ್ತದೆ, ಅಕ್ಷರ ಯಾರಿಗೂ ತಿಳಿಯುವುದಿಲ್ಲ. ಕೇಳಲು ಸಂಕೋಚ ಬೇಡ. ಅದು ನಿಮ್ಮ ಹಕ್ಕು.

ರಕ್ತ ಹೆಪ್ಪುಗಟ್ಟದಂತೆ ಇಂಜೆಕ್ಷನ್ ಅಥವಾ ಗುಳಿಗೆಯನ್ನು ಸಾಮಾನ್ಯವಾಗಿ ನಾಲ್ಕೈದು ವಾರ ಕೊಡುತ್ತಾರೆ. ಖರ್ಚು ಉಳಿಸಲು ಮನೆಗೆ ಬಂದೊಡನೆ ನಿಲ್ಲಿಸುವುದು ಅಪಾಯ. ಇನ್ನೊಂದು ಮಾತು, ನೋವಿಗೆಂದು ಔಷಧಿ ಅಂಗಡಿಯಿಂದ ಚೀಟಿಯಿಲ್ಲದೆ ತರುವ ಗುಳಿಗೆಗಳು ಮೂತ್ರಪಿಂಡ ಕೆಡಿಸಿ ಹೊಟ್ಟೆಯಲ್ಲಿ ರಕ್ತ ಸೋರಿಸಿ ಮುದಿ ವಯಸ್ಸಿನವರನ್ನು ಮತ್ತೆ ಆಸ್ಪತ್ರೆಗೆ ತಳ್ಳುತ್ತವೆ. ಬರೆದುಕೊಟ್ಟ ಗುಳಿಗೆಯಿಂದ ನೋವು ಇಳಿಯದಿದ್ದರೆ ಆಸ್ಪತ್ರೆಗೆ ಫೋನು ಮಾಡಿ ಕೇಳಿ.

ಶಸ್ತ್ರಕ್ರಿಯೆಯ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕುವುದು ಬೇಡವೇ ಬೇಡ. ಮೀನಖಂಡದಲ್ಲಿ ಹೆಪ್ಪು ಇದ್ದರೆ ತಿಕ್ಕಿದಾಗ ಅದು ಕಳಚಿ ಪುಪ್ಪುಸಕ್ಕೆ ಹೋಗಬಹುದು. ಗಾಯಕ್ಕೆ ಅರಿಶಿನ, ವಿಭೂತಿ ಹಚ್ಚಬೇಡಿ. ಹೊಲಿಗೆ ಬಿಚ್ಚಿಸಲು ಮತ್ತೆ ಬೆಳಗಾವಿಗೇ ಹೋಗಬೇಕೆಂದಿಲ್ಲ. ಎರಡು ವಾರಕ್ಕೆ ತಾಲ್ಲೂಕು ಆಸ್ಪತ್ರೆಯಲ್ಲಿ ಬಿಚ್ಚಿಸಬಹುದೇ ಎಂದು ಮೊದಲೇ ಕೇಳಿ ಪತ್ರ ಬರೆಸಿಕೊಳ್ಳಿ.

ಬೆನ್ನಿನ ಹುಣ್ಣು ಬರುವ ಮೊದಲು ಚರ್ಮ ಕೆಂಪಾಗುತ್ತದೆ. ದಿನಕ್ಕೊಮ್ಮೆ ಬೆನ್ನಿನ ಕೆಳತುದಿ, ಹಿಮ್ಮಡಿ ನೋಡಿ. ಒತ್ತಿದರೂ ಆ ಕೆಂಪು ಮಾಯವಾಗದಿದ್ದರೆ ಅಂದೇ ಎಚ್ಚರವಾಗಿ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ. ಮೀನಖಂಡದ ಕೆಳಗೆ ಮಡಿಚಿದ ಕೌದಿ ಇಟ್ಟರೆ ಹಿಮ್ಮಡಿ ಹಾಸಿಗೆಗೆ ತಾಗುವುದಿಲ್ಲ.

ಊಟದಲ್ಲಿ ಪಥ್ಯ ಬೇಡ

ಶಸ್ತ್ರಕ್ರಿಯೆಯಾದವರಿಗೆ ಮೊಸರು ನಂಜು, ಬೇಳೆ ವಾಯು ಎಂದು ತೆಳು ಗಂಜಿಯ ಮೇಲೆ ತಿಂಗಳು ಕಳೆಸುವ ಮನೆಗಳಿವೆ. ಗಾಯ ಮಾಯಲು, ತೊಡೆಯಲ್ಲಿ ಕಸುವು ತುಂಬಲು ಬೇಕಾದ ಸಸಾರಜನಕ ಗಂಜಿಯಲ್ಲಿ ಎಲ್ಲಿದೆ? ನಲವತ್ತೈದು ಕಿಲೋ ತೂಗುವ ಅಜ್ಜಿಗೆ ದಿನಕ್ಕೆ ಐವತ್ತು ಗ್ರಾಂ ಆಸುಪಾಸಿನ ಸಸಾರಜನಕ ಬೇಕು. ಒಂದು ದೊಡ್ಡ ಲೋಟ ಹಾಲಿನಲ್ಲಿ ಆರೇಳು ಗ್ರಾಂ, ಒಂದು ತತ್ತಿಯಲ್ಲಿ ಆರು ಗ್ರಾಂ. ತತ್ತಿ ತಿನ್ನದ ಮನೆಯಲ್ಲಿ ಹೆಸರುಕಾಳಿನ ಪಲ್ಲೆ, ಗಟ್ಟಿ ತೊಗರಿ ಬೇಳೆ, ಮೊಸರು, ಶೇಂಗಾ ಹಿಂಡಿ ಇವೆಯಲ್ಲ. ಹಲ್ಲಿಲ್ಲದವರಿಗೆ ಬಿಸಿ ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ ಕೊಡಿ. ಹೊಟ್ಟೆಗೆ ಒಮ್ಮೆಗೇ ಹೋಗದಿದ್ದರೆ ದಿನಕ್ಕೆ ಐದು ಸಲ ಸ್ವಲ್ಪ ಸ್ವಲ್ಪವಾಗಿ ಉಣಿಸಿ. ಸೋಮವಾರದ ಒಪ್ಪತ್ತನ್ನು ಮೂರು ತಿಂಗಳ ಮಟ್ಟಿಗೆ ಮನೆಯ ಬೇರೊಬ್ಬರು ಮಾಡಲಿ. ಮೂತ್ರಪಿಂಡದ ಕಾಯಿಲೆ ಇದ್ದವರು ಮಾತ್ರ ಪ್ರಮಾಣವನ್ನು ಡಾಕ್ಟರರಲ್ಲಿ ಕೇಳಿಕೊಳ್ಳಬೇಕು.

ಎರಡನೆಯ ಚಪ್ಪೆ

ನಿಂತ ಎತ್ತರದಿಂದ ಬಿದ್ದು ಎಲುಬು ಮುರಿಯಿತೆಂದರೆ ಎಲುಬು ಮೊದಲೇ ಟೊಳ್ಳಾಗಿತ್ತು ಎಂದರ್ಥ. ಒಂದು ಕಡೆ ಸರಳು ಹಾಕಿದ್ದಾಯಿತು, ಇನ್ನೊಂದು ಕಡೆಯ ಚಪ್ಪೆಯೂ ಅಷ್ಟೇ ಟೊಳ್ಳಾಗಿದೆ. ಇದಕ್ಕೆ ಮದ್ದಿದೆ. ಜೋಲೆಡ್ರೋನಿಕ್ ಆಮ್ಲ ಎಂಬ ಔಷಧವನ್ನು ವರ್ಷಕ್ಕೊಮ್ಮೆ ರಕ್ತನಾಳದ ಮೂಲಕ ಕೊಡುತ್ತಾರೆ. ಚಪ್ಪೆ ಮುರಿದ 2,127 ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶಸ್ತ್ರಕ್ರಿಯೆಯಾದ 90 ದಿನದೊಳಗೆ ಇದನ್ನು ಪಡೆದವರಲ್ಲಿ ಹೊಸ ಮುರಿತ ನೂರಕ್ಕೆ 35ರಷ್ಟು, ಸಾವು ನೂರಕ್ಕೆ 28ರಷ್ಟು ಕಡಿಮೆಯಾಗಿತ್ತು. ವಾರಕ್ಕೊಮ್ಮೆ ನುಂಗುವ ಗುಳಿಗೆಯೂ ಇದೆ. ಅದನ್ನು ಬರಿಹೊಟ್ಟೆಯಲ್ಲಿ ತುಂಬಿದ ಲೋಟ ನೀರಿನೊಂದಿಗೆ ನುಂಗಿ ಅರ್ಧ ತಾಸು ನೆಟ್ಟಗೆ ಕೂತಿರಬೇಕು. ಕೊಡುವ ಮೊದಲು ಮೂತ್ರಪಿಂಡ, ಕ್ಯಾಲ್ಸಿಯಂ, ಡಿ ಜೀವಸತ್ವ ನೋಡಬೇಕು. ಶಸ್ತ್ರಕ್ರಿಯೆಯ ಗಡಿಬಿಡಿಯಲ್ಲಿ ಈ ಮಾತು ಬಿಟ್ಟುಹೋಗುತ್ತದೆ. ಮೊದಲ ಭೇಟಿಯಲ್ಲಿ ನೀವೇ ಕೇಳಿ: 'ಎಲುಬು ಗಟ್ಟಿ ಮಾಡುವ ಔಷಧ ಶುರು ಮಾಡುವುದು ಯಾವಾಗ?'

ಇನ್ನು ಮನೆ. ಬೀಳುವುದಕ್ಕೆ ಬಡವ ಬಲ್ಲಿದ ಎಂಬ ಭೇದವಿಲ್ಲ. ತೆಲಂಗಾಣದ ಮುಖ್ಯಮಂತ್ರಿಯಾಗಿದ್ದ ಕೆ. ಚಂದ್ರಶೇಖರ ರಾವ್ 2023ರ ಡಿಸೆಂಬರಿನಲ್ಲಿ ತಮ್ಮ ತೋಟದ ಮನೆಯಲ್ಲಿ ಬಿದ್ದು ಚಪ್ಪೆ ಮುರಿದುಕೊಂಡು ಕೀಲು ಬದಲಿಸಿಕೊಳ್ಳಬೇಕಾಯಿತು. ಬಚ್ಚಲ ಪಾಚಿಯನ್ನು ವಾರಕ್ಕೊಮ್ಮೆ ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿಸಿ. ಗೋಡೆಗೆ ಒಂದು ಕಬ್ಬಿಣದ ಹಿಡಿಕೆ ಬಡಿಸಿ. ಹಳೆಯ ಮನೆಗಳ ಎತ್ತರದ ಹೊಸ್ತಿಲಿಗೆ ಬಿಳಿ ಪಟ್ಟೆ ಬಳಿಯಿರಿ. ದಿಂಬಿನ ಕೆಳಗೆ ಚಾರ್ಜಾಗಿರುವ ಬ್ಯಾಟರಿ ಇರಲಿ. ರಾಮದುರ್ಗದ ಕಡೆ ಮಗ್ಗದ ಮನೆಗಳಲ್ಲಿ ನೆಲದ ತುಂಬ ನೂಲು, ಲಡಿ ಬಿದ್ದಿರುತ್ತವೆ, ಹಿರಿಯರು ನಡೆಯುವ ಹಾದಿಯಲ್ಲಾದರೂ ಅವು ಇರಬಾರದು. ಕಣ್ಣಿನ ಪೊರೆ ಬಲಿತಿದ್ದರೆ ತೆಗೆಸಿ. ಹಿಂದೆ ಪಟ್ಟಿಯಿಲ್ಲದ ಚಪ್ಪಲಿ ಬೇಡ.

ಯಾವಾಗ ಕಾಯಬಾರದು?

ಎಲ್ಲವನ್ನೂ ಮನೆಯಲ್ಲೇ ತಡೆಯಲಾಗುವುದಿಲ್ಲ. ಮತ್ತೆ ಆಸ್ಪತ್ರೆಗೆ ಹೋಗಬೇಕಾದದ್ದು ಮನೆಯವರ ಸೋಲೂ ಅಲ್ಲ. ಒಮ್ಮೆಲೇ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಕರೆದರೂ ಎಚ್ಚರಗೊಳ್ಳದಿದ್ದರೆ, ಕಾಲು ಮತ್ತೆ ಗಿಡ್ಡಾಗಿ ತಿರುಗಿದರೆ ತಕ್ಷಣ 108ಕ್ಕೆ ಫೋನು ಮಾಡಿ. 2008ರಿಂದ ರಾಜ್ಯದಲ್ಲಿರುವ ಈ ಸೇವೆಗೆ ಹಣವಿಲ್ಲ. ಒಂದೇ ಮೀನಖಂಡ ಬಾತರೆ, ಗಾಯದಿಂದ ಕೀವು ಸೋರಿದರೆ, ಬುದ್ಧಿ ಕದಡಿದರೆ, ಮಲ ಕಪ್ಪಾದರೆ, ಒಂದು ದಿನ ಮೂತ್ರ ಬಾರದಿದ್ದರೆ, ನಿನ್ನೆ ನಡೆದವರು ಇಂದು ಒಲ್ಲೆ ಎಂದರೆ ಅಂದೇ ಡಾಕ್ಟರಿಗೆ ತೋರಿಸಿ. ಸಂತೆಯ ದಿನದವರೆಗೆ ಕಾಯಬೇಡಿ.

ಖರ್ಚಿನ ಭಯದಿಂದ ತಡ ಮಾಡುವವರಿದ್ದಾರೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ತುರ್ತು ಅಲ್ಲದಿದ್ದರೆ ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ. ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರನ್ನು ಕೇಳಿ, ಕಾರ್ಡನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ. ಎಕ್ಸ್‌ರೇ, ಬಿಡುಗಡೆ ಪತ್ರ, ಕಾರ್ಡಿನ ಪ್ರತಿ ಎಲ್ಲವೂ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಬಾಗಿಲ ಬಳಿಯ ಮೊಳೆಗೆ ನೇತಾಡುತ್ತಿರಲಿ.

ಒಂದು ಮಾತು ಗಂಡಸರಿಗೆ. ಈ ಸೇವೆಯೆಲ್ಲ ಒಬ್ಬ ಸೊಸೆಯ ಅಥವಾ ಒಬ್ಬ ಮಗಳ ತಲೆಯ ಮೇಲೆ ಬೀಳುತ್ತದೆ. ರಾತ್ರಿ ಮೂರು ಸಲ ಎದ್ದು ಮಗ್ಗುಲು ಬದಲಿಸಿದವಳು ಹಗಲು ಹೊಲಕ್ಕೂ ಬುತ್ತಿ ಒಯ್ಯಬೇಕು. ಅವಳು ಸೋತ ದಿನ ನೀರು, ಗುಳಿಗೆ, ನಡಿಗೆ ಮೂರೂ ತಪ್ಪುತ್ತವೆ. ರಾತ್ರಿಯ ಪಾಳಿಯನ್ನು ಮಗ ವಹಿಸಿಕೊಳ್ಳಲಿ. ವಾಕರ್ ಹಿಡಿಸಿ ನಡೆಸುವ ಕೆಲಸ ಕಾಲೇಜಿಗೆ ಹೋಗುವ ಮೊಮ್ಮಗನದಾಗಲಿ. ಊರಿನ ಆಶಾ ಕಾರ್ಯಕರ್ತೆಗೆ ಸುದ್ದಿ ಮುಟ್ಟಿಸಿ.

ಕೊನೆಗೆ ನಮ್ಮ ಭಾಗದಲ್ಲಿ ಎಲ್ಲರೂ ಕೇಳುವ ಪ್ರಶ್ನೆ: ಬನದ ಹುಣ್ಣಿಮೆಗೋ ಭಾರತ ಹುಣ್ಣಿಮೆಗೋ ಆಯಿಯನ್ನು ಎಲ್ಲಮ್ಮನ ಗುಡ್ಡಕ್ಕೆ ಕರೆದೊಯ್ಯಬಹುದೇ? ಮೂರು ತಿಂಗಳ ಎಕ್ಸ್‌ರೇ ನೋಡಿ ಡಾಕ್ಟರು ಒಪ್ಪುವ ಮೊದಲು ಬೇಡ. ಒಪ್ಪಿದ ಮೇಲೂ ಹುಣ್ಣಿಮೆಯ ನೂಕುನುಗ್ಗಲಿನಲ್ಲಿ, ಮೆಟ್ಟಿಲ ಮೇಲೆ ಚೆಲ್ಲಿದ ಎಣ್ಣೆ, ಭಂಡಾರದ ನಡುವೆ ಬೇಡ. ಜಾತ್ರೆ ಮುಗಿದ ಎರಡು ವಾರಕ್ಕೆ, ಜನ ಕಡಿಮೆ ಇರುವ ಬುಧವಾರವೋ ಗುರುವಾರವೋ, ಗಾಡಿ ಹೋಗುವಷ್ಟು ಹತ್ತಿರ ಹೋಗಿ, ಕೋಲು ಹಿಡಿದ ಆಯಿಯ ಒಂದು ಮಗ್ಗುಲಿಗೆ ನೀವು ನಿಂತು ದರ್ಶನ ಮಾಡಿಸಿಕೊಂಡು ಬನ್ನಿ.